1984ರ ಸ್ಮರಣ ಫಲಕ ಮಾಡಿಸುವವರಿಗೆ: ಹೆಬ್ಬಾಳದ ಒಂದು ಗ್ರಾನೈಟ್ ಕೆತ್ತನೆ ಅಂಗಡಿ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಈ ಅಂಗಡಿಯ ಸ್ಯಾಂಡ್‌ಬ್ಲಾಸ್ಟ್ (ಮರಳು ಚಿಮ್ಮಿಸಿ ಕೆತ್ತುವ) ಕೆಲಸ ಅಚ್ಚುಕಟ್ಟು. 1984ರ ಸಿಖ್ ಹತ್ಯಾಕಾಂಡದಲ್ಲಿ ಮಡಿದವರ ಫಲಕವನ್ನು ಧೈರ್ಯವಾಗಿ ಇಲ್ಲಿ ಮಾಡಿಸಬಹುದು. ಪಂಜಾಬಿಯ ಲಿಪಿಯಾದ ಗುರುಮುಖಿಯ ಅಕ್ಷರಜೋಡಣೆ ಮಾತ್ರ ಅವರ ಕೈಗೆ ಬಿಡಬೇಡಿ.

ಅಲ್ಲಿರುವುದು ಕೋರೆಲ್‌ಡ್ರಾ ಎಂಬ ವಿನ್ಯಾಸ ತಂತ್ರಾಂಶದ ಹಳೇ ಆವೃತ್ತಿ, ಕನ್ನಡ ಟೈಪಿಂಗಿಗೆ ನುಡಿ. ಯೂನಿಕೋಡ್ ಗುರುಮುಖಿಯನ್ನು ಅದಕ್ಕೆ ಅಂಟಿಸಿದರೆ, ವ್ಯಂಜನದ ಎಡಕ್ಕೆ ಬರಬೇಕಾದ ಸಿಹಾರಿ (‘ಇ’ಕಾರದ ಚಿಹ್ನೆ) ಬಲಕ್ಕೆ ಹೋಗಿ ಕೂರುತ್ತದೆ, ಮೇಲಿನ ಟಿಪ್ಪಿ (ಅನುನಾಸಿಕದ ಚಿಹ್ನೆ) ಜಾಗ ತಪ್ಪುತ್ತದೆ. ‘ಸಿಂಘ್’ ಎಂದು ಬರೆಯಲು ಇವೆರಡೂ ಬೇಕು. ಹಾಗಾಗಿ ಕೆಡುವುದು ಒಂದೆರಡು ಸಾಲಲ್ಲ. ಸತ್ತವರ ಹೆಸರನ್ನೇ ಕೆಡಿಸಿದ ಫಲಕ ಹಾಕುವುದಕ್ಕಿಂತ ಹಾಕದಿರುವುದೇ ಮೇಲು. ಅಕ್ಷರಗಳನ್ನು ಕರ್ವ್ ಮಾಡಿದ, ಅಂದರೆ ಫಾಂಟ್ ಬೇಡದಂತೆ ರೇಖೆಗಳಾಗಿ ಬದಲಿಸಿದ ಪಿಡಿಎಫ್ ನೀವೇ ಒಯ್ಯಿರಿ. ಕೆತ್ತನೆಗೆ ಕಲ್ಲಿನ ಮೇಲೆ ಅಂಟಿಸುವ ಸ್ಟಿಕರ್ ಕತ್ತರಿಸುವ ಮುಂಚೆ ಪೂರ್ತಿ ಅಳತೆಯ ಕಾಗದದ ಪ್ರೂಫನ್ನು ಗುರುಮುಖಿ ಬಲ್ಲವರಿಂದ ಓದಿಸಿ.

ಕಲ್ಲು ಚಾಮರಾಜನಗರದ ಕರಿಕಲ್ಲು, ಒಳ್ಳೆಯದೇ. 3 ಅಡಿಗೆ 2 ಅಡಿ, 20 ಮಿ.ಮೀ. ದಪ್ಪದ್ದಾದರೆ ತೂಕ 30 ಕೆ.ಜಿ. ದಾಟುತ್ತದೆ. ಗೋಡೆಗೆ ಬರೀ ಅಂಟು ಸಾಲದು, ನಾಲ್ಕು ಮೂಲೆಗೂ ಸ್ಟೀಲ್ ಬೋಲ್ಟ್ ಹಾಕಿಸಿ. ಕನ್ನಡ ಅಕ್ಷರ 15 ಮಿ.ಮೀ.ಗಿಂತ ಚಿಕ್ಕದಾದರೆ ಅನುಸ್ವಾರದ ನಡುವಿನ ಸ್ಟಿಕರ್ ಚೂರು ಮರಳಿನ ಹೊಡೆತಕ್ಕೆ ಹಾರಿ, ಸೊನ್ನೆ ಗುಂಡಿಯಾಗುತ್ತದೆ. ಒತ್ತಕ್ಷರಗಳದ್ದೂ ಅದೇ ಪಾಡು. ಹೆಸರು ಜಾಸ್ತಿಯಿದ್ದರೆ ಅಕ್ಷರ ಕುಗ್ಗಿಸದೆ ಇನ್ನೊಂದು ಕಲ್ಲು ತೆಗೆದುಕೊಳ್ಳಿ. ಚಿಕ್ಕ ಅಕ್ಷರಕ್ಕೆ ಅಂಗಡಿಯವರು ಲೇಸರ್ ಕೆತ್ತನೆ ಸೂಚಿಸುತ್ತಾರೆ. ಅದು ಮೇಲ್ಮೈ ಮಾತ್ರ ಕೆರೆಯುತ್ತದೆ, ಬಿಸಿಲು ಮಳೆಯ ಗೋಡೆಗೆ ಬೇಡ. ಬಣ್ಣ ಬಿಳಿಯೇ ಇರಲಿ, ಚಿನ್ನದ ಬಣ್ಣ ಬೇಗ ಮಂಕಾಗುತ್ತದೆ.

ಬರಹದ ಬಗ್ಗೆಯೂ ಒಂದು ಮಾತು. ಮಡಿದವರ ಸಂಖ್ಯೆ 2,733 ಎಂಬುದು ದೆಹಲಿಯೊಂದರ ಸರ್ಕಾರಿ ಲೆಕ್ಕ. ಕಾನ್ಪುರ, ಬೊಕಾರೊಗಳಲ್ಲಿ ಕೊಲೆಯಾದವರು ಅದರಲ್ಲಿಲ್ಲ. ಅಂಕಿ ಕೆತ್ತಿಸುವುದಾದರೆ ‘ದೆಹಲಿಯಲ್ಲಿ’ ಎಂಬುದು ಇರಲೇಬೇಕು. ದೆಹಲಿಯ ರಕಾಬ್ ಗಂಜ್ ಗುರುದ್ವಾರದ ಆವರಣದಲ್ಲಿ 2017ರಲ್ಲಿ ತೆರೆದ ‘ಸಚ್ ದೀ ಕಂಧ್’ (ಸತ್ಯದ ಗೋಡೆ) ಸ್ಮಾರಕದಲ್ಲಿ ಮಡಿದವರ ಹೆಸರುಗಳನ್ನೇ ಕೆತ್ತಿದ್ದಾರೆ. ಇಲ್ಲಿಯೂ ಅಂಕಿಗಿಂತ ಹೆಸರುಗಳಿಗೆ ಜಾಗ ಕೊಡುವುದು ಸರಿ. ಸಾರ್ವಜನಿಕ ಜಾಗವಾದರೆ ಪಾಲಿಕೆಯ ಒಪ್ಪಿಗೆ ಪತ್ರ ಕೈಗೆ ಬಂದಮೇಲೆ ಮುಂಗಡ ಕೊಡಿ.

ದೊಡ್ಡ ತೊಡಕು ಕ್ಯಾಲೆಂಡರಿನದು. ದೆಹಲಿಯಲ್ಲಿ ಕೊಲೆಗಳು ವ್ಯಾಪಕವಾಗಿ ಶುರುವಾದದ್ದು ನವೆಂಬರ್ 1ರಂದು. ಇಲ್ಲಿ ಆ ದಿನ ರಾಜ್ಯೋತ್ಸವ. ಅಕ್ಟೋಬರ್ ಕೊನೆಯಲ್ಲಿ ಅಂಗಡಿ ತುಂಬ ರಾಜ್ಯೋತ್ಸವದ ನಾಮಫಲಕಗಳದ್ದೇ ಕೆಲಸ. ಅದಕ್ಕೆ ಮೊದಲು ದಸರಾ ರಜೆ. ನವೆಂಬರ್ 1ಕ್ಕೆ ಫಲಕ ಬೇಕಾದರೆ ಆಯುಧಪೂಜೆಗೆ ಮುಂಚೆಯೇ ಪ್ರೂಫ್ ಒಪ್ಪಿ ಸಹಿ ಹಾಕಿರಬೇಕು.