ಆರಿದ ದೀಪವನ್ನು ನಂಬಿ ಗೇರ್‌ಬಾಕ್ಸ್ ಕಳೆದುಕೊಂಡ ಕಥೆ: ಫೋರ್ ವೀಲ್ ಡ್ರೈವ್ ಆಟೋಮ್ಯಾಟಿಕ್ ಇಟ್ಟುಕೊಂಡವರಿಗೆ ಒಂದು ಎಚ್ಚರಿಕೆ

ಕಳೆದ ಆಷಾಢದಲ್ಲಿ ನನ್ನ ಗಾಡಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಸುಟ್ಟುಹೋಯಿತು. ಅದನ್ನು ಬಿಚ್ಚಿ, ಹೊಸ ಕ್ಲಚ್ ಪ್ಲೇಟುಗಳನ್ನೂ ಟಾರ್ಕ್ ಕನ್ವರ್ಟರನ್ನೂ ಹಾಕಿಸಿ, ಮತ್ತೆ ಜೋಡಿಸುವಷ್ಟರಲ್ಲಿ 1,85,000 ರೂಪಾಯಿ ಕೈಬಿಟ್ಟಿತು, ಐದು ವಾರ ಗಾಡಿ ಶಿವಮೊಗ್ಗದಲ್ಲೇ ನಿಂತಿತು. ಗಾಡಿ ನನಗೆ ಮುನ್ಸೂಚನೆ ಕೊಡದೆ ಕೈಕೊಟ್ಟಿದ್ದರೆ ಹಣೆಬರಹವೆಂದು ಸುಮ್ಮನಿರುತ್ತಿದ್ದೆ. ಆದರೆ ಅದು ಒಂದು ವಾರದ ಅವಧಿಯಲ್ಲಿ ಮೂರು ಬಾರಿ, ಮೂರು ಬೇರೆ ಬೇರೆ ದೀಪಗಳನ್ನು ಹೊತ್ತಿಸಿ ಹೇಳಿತ್ತು. ಅರ್ಥ ಮಾಡಿಕೊಳ್ಳದವನು ನಾನು.

ನಮ್ಮ ಮನೆ ಹೊಸನಗರದಿಂದ ನಗರ ಎಂಬ ಊರಿಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಒಂದೂವರೆ ಕಿಲೋಮೀಟರ್ ಒಳಗಿದೆ. ಮಳೆಗಾಲದಲ್ಲಿ ಆ ಮಣ್ಣಿನ ದಾರಿಯ ಕೊನೆಯ ಏರು ಎಂತಹ ಗಾಡಿಯನ್ನೂ ಪರೀಕ್ಷಿಸುತ್ತದೆ. ಒಂದು ಕಡೆ ದರೆ, ಇನ್ನೊಂದು ಕಡೆ ತೋಟದ ಕಪ್ಪು (ಕಂದಕ), ನಡುವೆ ಟ್ರ್ಯಾಕ್ಟರ್ ಮಾಡಿಟ್ಟ ಎರಡು ಆಳವಾದ ಗಾಲಿಜಾಡುಗಳು. ಇಪ್ಪತ್ತು ವರ್ಷ ಹಳೆಯ ಜೀಪಿನಲ್ಲಿ ಓಡಾಡಿದವನು ನಾನು. ಆ ಜೀಪಿನಲ್ಲಿ ಇದ್ದದ್ದು ಆಯಿಲ್ ಮತ್ತು ಚಾರ್ಜಿಂಗ್ ಎಂಬ ಎರಡೇ ದೀಪ, ಉಳಿದದ್ದೆಲ್ಲ ಕಿವಿ ಮತ್ತು ಮೂಗಿಗೆ ಬಿಟ್ಟಿದ್ದು. ವಯಸ್ಸಾಯಿತು, ಕಾಲು ನೋವು, ಕ್ಲಚ್ ಒತ್ತುವುದು ಕಷ್ಟ ಎಂದು ಒಂದು ಡೀಸೆಲ್ ಫೋರ್ ವೀಲ್ ಡ್ರೈವ್ ಆಟೋಮ್ಯಾಟಿಕ್ಕನ್ನು ಬೆಂಗಳೂರಿನಿಂದ ಸೆಕೆಂಡ್ ಹ್ಯಾಂಡ್ ತಂದೆ. ಅದರ ಕೈಪಿಡಿ ಪ್ಲಾಸ್ಟಿಕ್ ಕವರಿನ ಸಮೇತ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲೇ ಉಳಿಯಿತು. ಗೇರ್ ಹಾಕುವ ಕೆಲಸವೇ ಇಲ್ಲದ ಗಾಡಿಗೆ ಓದುವುದೇನಿದೆ ಎಂಬ ಉಡಾಫೆ.

ನಾನು ದೀಪಗಳನ್ನು ಅಲಕ್ಷಿಸುವುದನ್ನು ಕಲಿತದ್ದು ಹೇಗೆಂದು ಮೊದಲು ಹೇಳಬೇಕು, ಏಕೆಂದರೆ ಇದು ಇನ್ನೂ ಅನೇಕರಿಗೆ ಆಗುತ್ತಿರಬಹುದು. ಇಂಥ ಗಾಡಿಯಲ್ಲಿ 2ಎಚ್, 4ಎಚ್, 4ಎಲ್ ಎಂದು ಮೂರು ಸ್ಥಾನಗಳಿರುತ್ತವೆ. 2ಎಚ್‌ನಲ್ಲಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಶಕ್ತಿ; 4ಎಚ್‌ನಲ್ಲಿ ನಾಲ್ಕಕ್ಕೂ; 4ಎಲ್‌ನಲ್ಲಿ ನಾಲ್ಕಕ್ಕೂ ಶಕ್ತಿ ಹೋಗುವುದಲ್ಲದೆ, ವೇಗ ಇಳಿದು ಎಳೆಯುವ ಬಲ ನನ್ನ ಗಾಡಿಯ ಲೆಕ್ಕದಲ್ಲಿ ಸುಮಾರು ಎರಡೂವರೆ ಪಟ್ಟು ಹೆಚ್ಚುತ್ತದೆ. 4ಎಲ್ ಹಾಕಿದೊಡನೆ ಗಾಡಿ ಜಾರದಂತೆ ನೋಡಿಕೊಳ್ಳುವ ಎಲೆಕ್ಟ್ರಾನಿಕ್ ವ್ಯವಸ್ಥೆ ತಾನಾಗಿ ಬಂದ್ ಆಗುತ್ತದೆ, ಮತ್ತು ಅದನ್ನು ತಿಳಿಸಲು ಒಂದು ಹಳದಿ ದೀಪ ಹೊತ್ತಿಕೊಂಡೇ ಇರುತ್ತದೆ. ಅದು ದೋಷವಲ್ಲ, ಮಾಹಿತಿ. ಮೊದಲ ಸಲ ನೋಡಿದಾಗ ಗಾಬರಿಯಾಗಿ ಗಾಡಿ ಮಾರಿದವರಿಗೆ ಫೋನ್ ಮಾಡಿದ್ದೆ. "ಅದು ಹಾಗೇ ಸಾರ್, ಹಳದಿ ಲೈಟಿಗೆಲ್ಲ ತಲೆ ಕೆಡಿಸ್ಕೋಬೇಡಿ, ಕೆಂಪು ಬಂದ್ರೆ ಮಾತ್ರ ನೋಡಿ" ಎಂದರು. ಆ ಮಾತಿನ ಮೊದಲರ್ಧ ಆ ಒಂದು ದೀಪಕ್ಕೆ ಮಾತ್ರ ಸಲ್ಲುತ್ತಿತ್ತು. ನಾನು ಅದನ್ನು ಎಲ್ಲ ಹಳದಿ ದೀಪಗಳಿಗೂ ಹಚ್ಚಿಕೊಂಡೆ.

ಮೊದಲ ಸೂಚನೆ ಬಂದದ್ದು ಹಸಿರು ದೀಪದಿಂದ. ಫೋರ್ ವೀಲ್ ಡ್ರೈವಿನ ಹಸಿರು ದೀಪ ಸ್ಥಿರವಾಗಿ ಉರಿದರೆ ಜೋಡಣೆ ಪೂರ್ತಿಯಾಗಿದೆ ಎಂದರ್ಥ. ಅದು ಮಿಟುಕುತ್ತಿದ್ದರೆ, ಶಕ್ತಿಯನ್ನು ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನೊಳಗೆ ಹಲ್ಲುಗಳು ಇನ್ನೂ ಕೂಡಿಕೊಂಡಿಲ್ಲ ಎಂದರ್ಥ. ನನ್ನ ಗಾಡಿಯಲ್ಲಿ 4ಎಲ್‌ಗೆ ಹೋಗಬೇಕಾದರೆ ಪೂರ್ತಿ ನಿಲ್ಲಿಸಿ, ಬ್ರೇಕ್ ಒತ್ತಿಹಿಡಿದು, ಗೇರ್ ಲಿವರನ್ನು ನ್ಯೂಟ್ರಲ್ ಸ್ಥಾನವಾದ ಎನ್‌ನಲ್ಲಿಟ್ಟು, ಆಮೇಲೆ ಗುಂಡಿಯನ್ನು ತಿರುಗಿಸಿ, ಹಸಿರು ದೀಪ ಸ್ಥಿರವಾಗುವವರೆಗೆ ಕಾಯಬೇಕು. ನಾನು ಮುಂದಕ್ಕೆ ಓಡಿಸುವ ಡಿಯಲ್ಲೇ ಗುಂಡಿ ತಿರುಗಿಸುತ್ತಿದ್ದೆ. ದೀಪ ಮಿಟುಕುತ್ತಿತ್ತು, 4ಎಲ್ ಬೀಳುತ್ತಿರಲಿಲ್ಲ. "ಇದು ಕೆಟ್ಟಿದೆ" ಎಂದು ತೀರ್ಮಾನಿಸಿ, ಚಲಿಸುತ್ತಿರುವಾಗಲೂ ಹಾಕಬಹುದಾದ 4ಎಚ್‌ನಲ್ಲೇ ಆ ಏರನ್ನು ಹತ್ತಲು ಶುರುಮಾಡಿದೆ. ಗೇರ್‌ಬಾಕ್ಸಿನ ಆಯುಸ್ಸು ಕಡಿಮೆಯಾಗತೊಡಗಿದ್ದು ಅಲ್ಲಿಂದ.

ಆಟೋಮ್ಯಾಟಿಕ್ ಗಾಡಿಯಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ನಡುವೆ ನಮ್ಮ ಕಾಲಿನಲ್ಲಿ ಒತ್ತುವ ಕ್ಲಚ್ ಇರುವುದಿಲ್ಲ. ಅದರ ಜಾಗದಲ್ಲಿ ಎಣ್ಣೆ ತುಂಬಿದ ಟಾರ್ಕ್ ಕನ್ವರ್ಟರ್ ಇರುತ್ತದೆ. ಎಂಜಿನ್ ಕಡೆಯ ರೆಕ್ಕೆಗಳು ಎಣ್ಣೆಯನ್ನು ರಭಸವಾಗಿ ತಳ್ಳುತ್ತವೆ, ಆ ಎಣ್ಣೆಯ ರಭಸ ಗೇರ್‌ಬಾಕ್ಸ್ ಕಡೆಯ ರೆಕ್ಕೆಗಳನ್ನು ತಿರುಗಿಸುತ್ತದೆ. ಗಾಲಿಗಳು ಓಡುತ್ತಿದ್ದರೆ ಎರಡೂ ಹೆಚ್ಚು ಕಡಿಮೆ ಒಂದೇ ವೇಗದಲ್ಲಿರುತ್ತವೆ. ಗಾಲಿ ಕೆಸರಿನಲ್ಲಿ ಸಿಕ್ಕಿ ನಿಂತಿದೆ, ನಾವು ಆಕ್ಸಿಲರೇಟರ್ ಒತ್ತುತ್ತಲೇ ಇದ್ದೇವೆ ಎಂದಾದರೆ, ಒಂದು ಕಡೆ ಮಾತ್ರ ತಿರುಗಿ ಎಣ್ಣೆ ಸುಮ್ಮನೆ ಕಡೆಯಲ್ಪಡುತ್ತದೆ. ಕಡೆಗೋಲು ಗರಗರ ತಿರುಗುತ್ತಿದೆ, ಗಡಿಗೆ ಇದ್ದಲ್ಲೇ ಇದೆ. ಎಂಜಿನ್ನಿನ ಶಕ್ತಿಯೆಲ್ಲ ನಡುವಿನ ಎಣ್ಣೆಗೆ ಕಾವಾಗಿ ಹೋಗುತ್ತದೆ. ಈ ಎಣ್ಣೆ ಸಾಮಾನ್ಯವಾಗಿ 80ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ. 120 ದಾಟಿದ ಮೇಲೆ ಅದರ ಗುಣ ಬೇಗ ಬೇಗ ಕೆಡುತ್ತದೆ. 4ಎಲ್‌ನಲ್ಲಿ ಅದೇ ಏರನ್ನು ಹತ್ತಿದರೆ ಗಾಲಿಗಳು ನಿಧಾನವಾಗಿಯಾದರೂ ತಿರುಗುತ್ತಲೇ ಇರುವುದರಿಂದ ಕನ್ವರ್ಟರಿಗೆ ಅಷ್ಟು ಹೊರೆ ಬೀಳುವುದಿಲ್ಲ. 4ಎಲ್ ಇರುವುದು ದೊಡ್ಡ ಬಂಡೆ ಹತ್ತುವ ಸಾಹಸಿಗಳಿಗೆ ಎಂದು ನಾನು ಭಾವಿಸಿದ್ದೆ. ಅದು ನಮ್ಮ ಮನೆಯ ಏರಿಗೇ ಬೇಕಾಗಿತ್ತು.

ಎರಡನೆಯ ಸೂಚನೆ ಬಂದ ದಿನ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವವರಿದ್ದರು. ಮೈಲುತುತ್ತ, ಸುಣ್ಣದ ಚೀಲಗಳು, ಪಂಪು, ಜೊತೆಗೆ ಇಬ್ಬರು ಆಳುಗಳು. ಮಳೆ ಹೊಳವಾದ ಎರಡು ತಾಸಿನೊಳಗೆ ಕೆಲಸ ಮುಗಿಯಬೇಕೆಂಬ ಧಾವಂತ. ಏರಿನ ನಡುವೆ ಗಾಲಿ ಜಾಡಿನಲ್ಲಿ ಕೂತಿತು. ಹಳೆಯ ಜೀಪಿನ ಅಭ್ಯಾಸದಂತೆ ಡಿಗೆ ಹಾಕಿ ಮುಂದೆ, ಆರ್‌ಗೆ ಹಾಕಿ ಹಿಂದೆ, ಮತ್ತೆ ಮುಂದೆ ಎಂದು ಸುಮಾರು ಹತ್ತು ನಿಮಿಷ ಗುದ್ದಾಡಿದೆ. ಆಗ ಹಲ್ಲಿನ ಚಕ್ರದ ಒಳಗೆ ಥರ್ಮಾಮೀಟರ್ ಇರುವ ಒಂದು ಹಳದಿ ಚಿತ್ರ ಹೊತ್ತಿಕೊಂಡಿತು. ಹಿಂದೆ ಕೂತವನು, "ಅಣ್ಣಾ, ಎಂತದೋ ಸುಟ್ಟ ವಾಸ್ನೆ ಬತ್ತಾ ಇದೆ" ಎಂದ. ನಾನು ತಕ್ಷಣ ಎಂಜಿನ್ ಬಂದ್ ಮಾಡಿದೆ.

ಅದು ತಪ್ಪು. ಆ ದೀಪ ಹೇಳುತ್ತಿದ್ದದ್ದು ಗೇರ್‌ಬಾಕ್ಸಿನ ಎಣ್ಣೆ ಅತಿಯಾಗಿ ಕಾದಿದೆ ಎಂದು. ಆ ಎಣ್ಣೆಯನ್ನು ಕೂಲರಿಗೆ ತಳ್ಳಿ ತಣಿಸುವ ಪಂಪು ಎಂಜಿನ್ ತಿರುಗಿದರೆ ಮಾತ್ರ ತಿರುಗುತ್ತದೆ. ಆದ್ದರಿಂದ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಲಿವರನ್ನು ಪಾರ್ಕಿಂಗ್ ಸ್ಥಾನವಾದ ಪಿಯಲ್ಲಿಟ್ಟು, ದೀಪ ಆರುವವರೆಗೆ ಎಂಜಿನ್ನನ್ನು ಆಕ್ಸಿಲರೇಟರ್ ಒತ್ತದೆ ಓಡಲು ಬಿಡಬೇಕೆಂದು ನನ್ನ ಗಾಡಿಯ ಕೈಪಿಡಿಯಲ್ಲೇ ಬರೆದಿತ್ತು. ಇದನ್ನು ಎಂಜಿನ್ ಆಯಿಲ್ ಒತ್ತಡದ ಕೆಂಪು ದೀಪದೊಡನೆ ಗೊಂದಲ ಮಾಡಿಕೊಳ್ಳಬಾರದು. ಆ ಎಣ್ಣೆಡಬ್ಬಿಯ ಚಿತ್ರ ಓಡುವಾಗ ಹೊತ್ತಿದರೆ ಸುರಕ್ಷಿತವಾಗಿ ನಿಲ್ಲಿಸಿದ ಕೂಡಲೇ ಎಂಜಿನ್ ಬಂದ್ ಮಾಡಲೇಬೇಕು. ನಾನು ಅರ್ಧ ಗಂಟೆ ಬಿಟ್ಟು ಸ್ಟಾರ್ಟ್ ಮಾಡಿದಾಗ ಹಳದಿ ದೀಪ ಇರಲಿಲ್ಲ. ಸರಿಹೋಯಿತು ಎಂದುಕೊಂಡೆ. ಕಾದು ಕಪ್ಪಾದ ಎಣ್ಣೆ ತಣಿದರೂ ಕಪ್ಪಾಗಿಯೇ ಇರುತ್ತದೆ, ಅದನ್ನು ಬದಲಿಸಬೇಕು ಎಂಬುದು ಆಗ ಹೊಳೆಯಲಿಲ್ಲ. ಆ ದಿನವೇ ಎಣ್ಣೆ ಬದಲಿಸಿದ್ದರೆ ಬಹುಶಃ ಹತ್ತು ಹದಿನೈದು ಸಾವಿರದಲ್ಲಿ ಮುಗಿಯುತ್ತಿತ್ತು.

ಮೂರು ದಿನ ಬಿಟ್ಟು ಎಂಜಿನ್ ಆಕಾರದ ಹಳದಿ ದೀಪ ಹೊತ್ತಿತು. ಗಾಡಿ ಮೂರನೇ ಗೇರಿನಲ್ಲೇ ಅಂಟಿಕೊಂಡಿತು, ಎಷ್ಟು ಒತ್ತಿದರೂ ಮೇಲಕ್ಕೆ ಹೋಗುತ್ತಿರಲಿಲ್ಲ. ಇದಕ್ಕೆ ಲಿಂಪ್ ಮೋಡ್ ಎನ್ನುತ್ತಾರೆ: ಗೇರ್‌ಬಾಕ್ಸಿನ ಕಂಪ್ಯೂಟರ್ ಹೆಚ್ಚಿನ ಹಾನಿಯನ್ನು ತಪ್ಪಿಸಲು ಗಾಡಿಯನ್ನು ಕುಂಟಿಸಿಕೊಂಡು ಗ್ಯಾರೇಜಿನವರೆಗೆ ಮಾತ್ರ ಹೋಗಲು ಬಿಡುವ ಏರ್ಪಾಡು. ಹತ್ತಿರದ ಒಂದು ಗ್ಯಾರೇಜಿಗೆ ಒಯ್ದೆ. ಅಲ್ಲಿನವರು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಚಹಾ ಕುಡಿದು ಬಂದು, ಮತ್ತೆ ಜೋಡಿಸಿದರು. ದೀಪ ಮಾಯ, ಗೇರುಗಳೂ ಬೀಳತೊಡಗಿದವು. "ಲೈಟ್ ಹೋಯ್ತಲ್ಲ ಮಾರಾಯ್ರೆ, ಇನ್ನೆಂಥ ತಲೆಬಿಸಿ?" ಎಂದು ಇನ್ನೂರು ರೂಪಾಯಿ ತೆಗೆದುಕೊಂಡರು.

ಅಲ್ಲಿ ಅಳಿಸಿಹೋದದ್ದು ದೋಷವಲ್ಲ, ದೋಷದ ದಾಖಲೆ. ಆ ದೀಪ ಹೊತ್ತಿದಾಗ ಕಂಪ್ಯೂಟರಿನಲ್ಲಿ ಒಂದು ಕೋಡ್ ಬರೆದಿರುತ್ತದೆ. ಉದಾಹರಣೆಗೆ ಪಿ 0218 ಎಂದರೆ ಗೇರ್‌ಬಾಕ್ಸಿನ ಎಣ್ಣೆ ಮಿತಿ ಮೀರಿ ಕಾದಿದೆ ಎಂದು. ಪಿ 0700 ಎಂದರೆ ಗೇರ್‌ಬಾಕ್ಸಿನ ನಿಯಂತ್ರಣ ವ್ಯವಸ್ಥೆ ಏನೋ ದೂರು ಕೊಟ್ಟಿದೆ, ವಿವರಕ್ಕೆ ಅದನ್ನೇ ಕೇಳಿ ಎಂದು. ಕೋಡಿನ ಜೊತೆಗೆ ಆ ಕ್ಷಣದ ವೇಗ, ಎಂಜಿನ್ ಸುತ್ತುಗಳು, ಶಾಖ ಇತ್ಯಾದಿಯೂ ದಾಖಲಾಗಿರುತ್ತವೆ. ಸ್ಟಿಯರಿಂಗಿನ ಕೆಳಗಿರುವ ಸಾಕೆಟ್ಟಿಗೆ ಸ್ಕ್ಯಾನರ್ ಚುಚ್ಚಿ ಇದನ್ನು ಓದಿ, ಚೀಟಿಯಲ್ಲಿ ಬರೆದುಕೊಂಡ ಮೇಲೆ ಮಾತ್ರ ಅಳಿಸಬೇಕು. ಸ್ಕ್ಯಾನರ್ ಇಲ್ಲದ ಗ್ಯಾರೇಜಿನವರು ಬ್ಯಾಟರಿಯ ತಂತಿಗೆ ಸ್ಪ್ಯಾನರ್ ಹಚ್ಚಿದರೆ ದಯವಿಟ್ಟು ತಡೆಯಿರಿ, ಜಗಳವಾದರೂ ಚಿಂತೆಯಿಲ್ಲ.

ನಾನು ತಡೆಯಲಿಲ್ಲ. ಅಷ್ಟೇ ಅಲ್ಲ, ಮರುದಿನವೇ ತಂಗಿಯ ಮನೆಗೆಂದು ಹುಲಿಕಲ್ ಘಾಟಿ ಇಳಿದು ಸಿದ್ದಾಪುರದ ಕಡೆಗೆ ಹೋದೆ. ಇಳಿಯುವಾಗ ಏನೂ ತಿಳಿಯಲಿಲ್ಲ. ಸಂಜೆ ಮರಳಿ ಹತ್ತುವಾಗ, ಮಳೆ ಜಡಿದು ಸುರಿಯುತ್ತಿದ್ದಾಗ, ಎಂಜಿನ್ ಸುತ್ತುಗಳ ಮುಳ್ಳು ಮೂರು ಸಾವಿರ ದಾಟಿ ಮೇಲೇರಿತು, ಆದರೆ ಗಾಡಿ ನಡಿಗೆಯ ವೇಗಕ್ಕೆ ಬಂತು. ಗೇರ್‌ಬಾಕ್ಸಿನ ಒಳಗೆ ಗೇರುಗಳನ್ನು ಹಿಡಿದಿಡುವ ಕ್ಲಚ್ ಪ್ಲೇಟುಗಳು ಜಾರುತ್ತಿದ್ದವು. ಥರ್ಮಾಮೀಟರ್ ದೀಪ, ಎಂಜಿನ್ ದೀಪ ಎರಡೂ ಮರಳಿ ಬಂದವು. ಚಂಡಿಕಾಂಬಾ ದೇವಸ್ಥಾನದ ಹತ್ತಿರ ಹೇಗೋ ತಲುಪಿ ನಿಲ್ಲಿಸಿದೆ. ಮತ್ತೆ ಡಿಗೆ ಹಾಕಿದರೆ ಗಾಡಿ ಅಲುಗಲಿಲ್ಲ.

ಅಲ್ಲಿಗೆ ಬುದ್ಧಿ ಬರಬೇಕಿತ್ತು. ಒಬ್ಬರು ಪಿಕಪ್ ನಿಲ್ಲಿಸಿ ಸಹಾಯಕ್ಕೆ ಬಂದರು, ಅವರ ಉಪಕಾರ ದೊಡ್ಡದು. ಲಿವರನ್ನು ಎನ್‌ನಲ್ಲಿಟ್ಟು, ಎಂಜಿನ್ ಬಂದ್ ಮಾಡಿ, ಹಗ್ಗ ಕಟ್ಟಿ ನಗರದವರೆಗೆ ಎಳೆಸಿಕೊಂಡು ಹೋದೆ. ಜೀಪಿಗಾದರೆ ನಡೆಯುತ್ತಿದ್ದ ಉಪಾಯ ಇದು. ಆಟೋಮ್ಯಾಟಿಕ್ಕಿನಲ್ಲಿ ಗಾಲಿಗಳು ಉರುಳಿದರೆ ಗೇರ್‌ಬಾಕ್ಸಿನ ಹಿಂಭಾಗ ತಿರುಗುತ್ತದೆ, ಆದರೆ ಪಂಪು ನಿಂತಿರುವುದರಿಂದ ಅಲ್ಲಿಗೆ ಎಣ್ಣೆ ತಲುಪುವುದಿಲ್ಲ. ಒಣಗಿದ ಬೇರಿಂಗುಗಳು ಉಜ್ಜಿ ಹಾಳಾಗುತ್ತವೆ. ಎಂಜಿನ್ ಬಂದ್ ಆಗಿದ್ದರಿಂದ ಸ್ಟಿಯರಿಂಗ್ ಕಲ್ಲಾಗಿತ್ತು, ಬ್ರೇಕಿಗೆ ಎರಡೂ ಕಾಲು ಬೇಕಾಗಿತ್ತು. ಇಂಥ ಗಾಡಿಯನ್ನು ನಾಲ್ಕೂ ಗಾಲಿ ನೆಲ ಬಿಟ್ಟಂತೆ ಫ್ಲಾಟ್‌ಬೆಡ್ ಲಾರಿಯ ಮೇಲೆ ಏರಿಸಿಯೇ ಸಾಗಿಸಬೇಕು. ಲಾರಿ ಬರಲು ರಾತ್ರಿಯಾಗುತ್ತದೆ ಎಂದಾದರೆ ರಾತ್ರಿಯೇ ಆಗಲಿ.

ಶಿವಮೊಗ್ಗದಲ್ಲಿ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಬಲ್ಲ ಒಬ್ಬ ಹಿರಿಯ ಮೆಕ್ಯಾನಿಕ್ ಅಡಿಯ ತಟ್ಟೆ ಬಿಚ್ಚುವಾಗ ನನ್ನನ್ನೂ ಕರೆದರು. ಹೊಸ ಎಣ್ಣೆಯ ನಾಲ್ಕು ಹನಿಯನ್ನು ಬಿಳಿ ಬಟ್ಟೆಯ ಮೇಲೆ ಬಿಟ್ಟರು, ಕುಂಕುಮದ ನೀರಿನಂತೆ ಕೆಂಪಗಿತ್ತು. ಪಕ್ಕದಲ್ಲಿ ನನ್ನ ಗಾಡಿಯದು: ಕಷಾಯದ ಚರಟದ ಬಣ್ಣ, ಮೂಗಿಗೆ ಹೊಡೆಯುವ ಕಮಟು. ತಟ್ಟೆಯ ತಳದಲ್ಲಿ ಲೋಹದ ಪುಡಿ ಹಿಡಿಯಲೆಂದು ಇಟ್ಟಿರುವ ಪುಟ್ಟ ಆಯಸ್ಕಾಂತಗಳು ಕಾಡಿಗೆ ಮೆತ್ತಿದಂತೆ ಉಬ್ಬಿಕೊಂಡಿದ್ದವು. ಅವರು ಅದನ್ನು ಎರಡು ಬೆರಳಲ್ಲಿ ತಿಕ್ಕಿ, "ಇದು ನಿಮ್ಮ ಪ್ಲೇಟು ಸಾರ್, ಇದು ಬೇರಿಂಗು" ಎಂದು ಬೇರೆ ಬೇರೆ ಮಾಡಿ ತೋರಿಸಿದರು. ಎಣ್ಣೆ ಗುಲಾಬಿ ಹಾಲಿನಂತೆ ಕಂಡಿದ್ದರೆ ನೀರು ಸೇರಿದೆ ಎಂದರ್ಥವಂತೆ. ಹಳ್ಳ ದಾಟಿ ಮನೆಗೆ ಹೋಗುವವರು ಇದನ್ನು ಗಮನಿಸಬೇಕು: ಕಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗಿ, ಉಸಿರಾಟದ ಕೊಳವೆ ನೀರಿನಲ್ಲಿ ಮುಳುಗಿದ್ದರೆ ಅದರ ಮೂಲಕ ನೀರನ್ನೇ ಎಳೆದುಕೊಳ್ಳುತ್ತದೆ.

ಅವರಿಂದಲೇ ತಿಳಿದ ಇನ್ನೆರಡು ಸಂಗತಿಗಳಿವೆ. ಮುಂದಿನ ಮತ್ತು ಹಿಂದಿನ ಗಾಲಿಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಮಧ್ಯದ ಡಿಫರೆನ್ಷಿಯಲ್ ಇಲ್ಲದ ಇಂಥ ಗಾಡಿಯನ್ನು ಒಣ ಡಾಂಬರಿನ ಮೇಲೆ 4ಎಚ್‌ನಲ್ಲಿ ಓಡಿಸಬಾರದು. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ಹೆಚ್ಚು ದೂರ ಕ್ರಮಿಸಬೇಕು, ಆದರೆ ಎರಡೂ ಕಡೆ ಒಂದಕ್ಕೊಂದು ಬಿಗಿದಿರುತ್ತವೆ. ಕೆಸರಿನಲ್ಲಾದರೆ ಗಾಲಿ ಜಾರಿ ಬಿಗಿ ಸಡಿಲಾಗುತ್ತದೆ, ಡಾಂಬರಿನಲ್ಲಿ ಆಗುವುದಿಲ್ಲ. ಬೇಸಿಗೆಯಲ್ಲಿ ಆಗುಂಬೆಯ 14 ತಿರುವುಗಳನ್ನು ಹೆಚ್ಚು ಹಿಡಿತ ಸಿಗಲೆಂದು 4ಎಚ್‌ನಲ್ಲಿ ಹತ್ತುವವರಿದ್ದಾರೆ. ಆಮೇಲೆ 2ಎಚ್‌ಗೆ ತಿರುಗಿಸಿದರೂ ಹಸಿರು ದೀಪ ಮಿಟುಕುತ್ತಲೇ ಇದ್ದರೆ ಕಾರಣ ಈ ಬಿಗಿತವೇ ಇರಬಹುದು. ಕೆಲವು ಮೀಟರ್ ನೇರವಾಗಿ ಹಿಂದಕ್ಕೆ ತೆಗೆದರೆ ಸಾಮಾನ್ಯವಾಗಿ ಬಿಟ್ಟುಕೊಳ್ಳುತ್ತದೆ. ಇನ್ನೊಂದು ಜೀವಕ್ಕೆ ಸಂಬಂಧಿಸಿದ್ದು. ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ, ಅಥವಾ ಅರ್ಧಂಬರ್ಧ ಕೂಡಿಕೊಂಡು ದೀಪ ಮಿಟುಕುತ್ತಿದ್ದರೆ, ಲಿವರ್ ಪಿಯಲ್ಲಿದ್ದರೂ ಗಾಡಿ ಇಳಿಜಾರಿನಲ್ಲಿ ಉರುಳಿಬಿಡಬಹುದು. ಪಿ ಹಿಡಿದಿಡುವುದು ಗೇರ್‌ಬಾಕ್ಸನ್ನು, ಅಲ್ಲಿಂದ ಗಾಲಿಗೆ ಕೊಂಡಿಯೇ ಇಲ್ಲದಿದ್ದರೆ ಅದು ಏನನ್ನು ಹಿಡಿದೀತು? ಹ್ಯಾಂಡ್‌ಬ್ರೇಕ್ ಎಳೆಯದೆ ಇಳಿಯಬೇಡಿ.

ಕಳೆದ ತಿಂಗಳು ಪರಿಚಿತರೊಬ್ಬರು ತೀರ್ಥಹಳ್ಳಿಯ ಕಡೆ ಇಂಥದೇ ಒಂದು ಗಾಡಿ ಮಾರಾಟಕ್ಕಿದೆ ಎಂದು ನನ್ನನ್ನು ಜೊತೆಗೆ ಕರೆದುಕೊಂಡು ಹೋದರು. ಗಾಡಿ ತೊಳೆದು ಫಳಫಳ ಹೊಳೆಯುತ್ತಿತ್ತು. ಎಂಜಿನ್ ಸ್ಟಾರ್ಟ್ ಮಾಡದೆ ಕೀಲಿಯನ್ನು ಆನ್‌ವರೆಗೆ ಮಾತ್ರ ತಿರುಗಿಸಿ ನೋಡಿದೆ. ಹಾಗೆ ತಿರುಗಿಸಿದಾಗ ಎಚ್ಚರಿಕೆಯ ದೀಪಗಳು ತಮ್ಮನ್ನು ತಾವೇ ಪರೀಕ್ಷಿಸಿಕೊಳ್ಳಲು ಒಮ್ಮೆ ಹೊತ್ತಿಕೊಳ್ಳಬೇಕು. ಎಬಿಎಸ್ ಬಂತು, ಏರ್‌ಬ್ಯಾಗ್ ಬಂತು, ಆಯಿಲ್ ಬಂತು. ಎಂಜಿನ್ ದೀಪದ ಜಾಗ ಮಾತ್ರ ಕತ್ತಲೆಯಾಗಿತ್ತು, ಥರ್ಮಾಮೀಟರ್ ದೀಪವೂ ಬರಲಿಲ್ಲ. ಎರಡು ಸಲ, ಮೂರು ಸಲ ನೋಡಿದೆವು. "ಬಲ್ಬ್ ಹೋಗಿರ್ಬೇಕು, ಹಾಕಿಸಿ ಕೊಡೋಣ ಬಿಡಿ" ಎಂದರು ಮಾರುವವರು. ಅವರ ಮನೆಯ ಕಾಫಿ ಚೆನ್ನಾಗಿತ್ತು, ಕುಡಿದು ವಾಪಸು ಬಂದೆವು.