ಜೇಸಿ, ಲಯನ್ಸ್, ರೋಟರಿ: ಮೂರರಲ್ಲೂ ಇದ್ದು ನೋಡಿದ ಮೇಲೆ

ಉಡುಪಿ ಜಿಲ್ಲೆಯಲ್ಲಿ ಸಣ್ಣದೊಂದು ಮುದ್ರಣಾಲಯ ನಡೆಸುವವನು ನಾನು. ರೋಟರಿ ಮತ್ತು ಲಯನ್ಸ್ ಎಂಬ ಎರಡು ಸೇವಾ ಸಂಸ್ಥೆಗಳ ವರ್ಷವೂ ಜುಲೈ 1ಕ್ಕೆ ಆರಂಭವಾಗುವುದರಿಂದ, ಜೂನ್ ಕೊನೆಯ ಎರಡು ವಾರ ನಮ್ಮಲ್ಲಿ ಮದುವೆ ಕಾಗದಗಳಿಗಿಂತ ಪದಗ್ರಹಣದ ಆಮಂತ್ರಣ ಪತ್ರಿಕೆಗಳೇ ಹೆಚ್ಚು. ಯುವಕರ ಸಂಸ್ಥೆಯಾದ ಜೇಸಿಯವರದು ಜನವರಿಯಿಂದ ಡಿಸೆಂಬರ್. ಹಾಗಾಗಿ ಅವರ ಪತ್ರಿಕೆ ವರ್ಷದ ಕೊನೆಗೆ ಬರುತ್ತದೆ. ಇವನ್ನು ಮುದ್ರಿಸಿದ್ದಷ್ಟೇ ಅಲ್ಲ, ಮೂರರಲ್ಲಿಯೂ ಸದಸ್ಯನಾಗಿ ದುಡಿದಿದ್ದೇನೆ: 27ನೆಯ ವಯಸ್ಸಿನಿಂದ 40ರವರೆಗೆ ಜೇಸಿ, ಅನಂತರ 6 ವರ್ಷ ಲಯನ್ಸ್, ಮುದ್ರಣಾಲಯವನ್ನು ಪಕ್ಕದ ತಾಲ್ಲೂಕಿಗೆ ಸ್ಥಳಾಂತರಿಸಿದ ಮೇಲೆ ಕಳೆದ 7 ವರ್ಷಗಳಿಂದ ರೋಟರಿ. ಸೇವಾ ಸಂಸ್ಥೆಗೆ ಸೇರಬೇಕೆಂದಿರುವವರು ಅಂಗಡಿಗೆ ಬಂದಾಗ ‘ಮೂರರಲ್ಲಿ ಯಾವುದು ಒಳ್ಳೆಯದು’ ಎಂದು ಕೇಳುವುದುಂಟು. ತಿಂಗಳ ಕಾರ್ಯಕ್ರಮಗಳನ್ನು ಯಾರು ಹೇಗೆ ನಡೆಸುತ್ತಾರೆ, ಅಲ್ಲಿ ಹೊಸಬನ ಕೈಗೆ ಕೆಲಸ ಎಷ್ಟು ಬೇಗ ಸಿಗುತ್ತದೆ ಎಂಬುದನ್ನು ನೋಡಿ ಆಯ್ದುಕೊಳ್ಳಿ ಎನ್ನುವುದು ನನ್ನ ಉತ್ತರ.

ಜೇಸಿಯ ಸ್ವಭಾವವನ್ನು ನಿರ್ಧರಿಸುವುದು ಅದರ ವಯೋಮಿತಿ. 18ರಿಂದ 40 ವರ್ಷದವರಿಗೆ ಮಾತ್ರ ಪೂರ್ಣ ಸದಸ್ಯತ್ವವಿರುವುದರಿಂದ ಪ್ರತಿವರ್ಷ ನಾಲ್ಕೈದು ಮಂದಿ ಅನುಭವಸ್ಥರು ತಾವಾಗಿಯೇ ಹೊರಗೆ ಹೋಗುತ್ತಾರೆ, ಅಧ್ಯಕ್ಷಗಿರಿಯೂ ಒಂದೇ ವರ್ಷದ್ದು. ಆದ್ದರಿಂದ ಅಲ್ಲಿ ಸದಸ್ಯರನ್ನು ಸೇರಿಸುವುದು ಅಭಿಯಾನವಲ್ಲ, ಘಟಕ ಬದುಕಿ ಉಳಿಯುವ ಪ್ರಶ್ನೆ. ಸೇರಿದವನನ್ನು ಸುಮ್ಮನೆ ಕೂರಿಸುವ ಅನುಕೂಲವೂ ಅವರಿಗಿಲ್ಲ. ನಾನು ಸೇರಿದ ಮೂರನೆಯ ಸಭೆಯಲ್ಲಿಯೇ ಸಂಸ್ಥೆಯ ಧ್ಯೇಯಸಾಲುಗಳಾದ ಜೇಸಿವಾಣಿ ವಾಚಿಸಲು ವೇದಿಕೆಗೆ ಕರೆದರು. ನಾಲಿಗೆ ಒಣಗಿ ಎರಡನೆಯ ಸಾಲಿಗೇ ನಿಂತುಬಿಟ್ಟೆ, ಮುಂದಿನ ಸಾಲಿನಲ್ಲಿದ್ದ ಪೂರ್ವಾಧ್ಯಕ್ಷರೊಬ್ಬರು ಮೆಲ್ಲನೆ ಉಳಿದದ್ದನ್ನು ಹೇಳಿಕೊಟ್ಟರು. ಸೆಪ್ಟೆಂಬರ್ 9ರಿಂದ 15ರವರೆಗಿನ ಜೇಸಿ ಸಪ್ತಾಹ ಬಂದಾಗ ನಾನು ಒಂದು ದಿನದ ಕಾರ್ಯಕ್ರಮ ನಿರ್ದೇಶಕ. ಏಳು ದಿನ ಏಳು ಕಾರ್ಯಕ್ರಮ, ಪ್ರತಿದಿನಕ್ಕೂ ಬೇರೆ ಬೇರೆ ನಿರ್ದೇಶಕರು ಎಂಬ ಈ ಏರ್ಪಾಡು ನನಗೆ ಇಂದಿಗೂ ಮೆಚ್ಚುಗೆಯದ್ದು. ಧ್ವನಿವರ್ಧಕದವನಿಗೆ ಮುಂಗಡ ಕೊಡುವುದರಿಂದ ಹಿಡಿದು ಅತಿಥಿಗೆ ಸ್ಮರಣಿಕೆ ಕೊಡುವವರೆಗೆ ಒಂದು ದಿನ ಪೂರ್ತಿ ತನ್ನದೇ ಎಂದಾದಾಗ, ಆ ವ್ಯಕ್ತಿ ಮರುವರ್ಷ ಶುಲ್ಕ ಕಟ್ಟುವನೋ ಇಲ್ಲವೋ ಎಂಬ ಸಂಶಯವೇ ಏಳುವುದಿಲ್ಲ.

ಆದರೆ ಜೇಸಿಯಲ್ಲಿ ತರಬೇತಿಗೆ ಸಿಗುವ ಸಮಯ ಸೇವೆಗೆ ಸಿಗುವುದಿಲ್ಲ. ಮಾತುಗಾರಿಕೆ, ಸಭಾ ನಿರ್ವಹಣೆ, ನಾಯಕತ್ವ ಇವುಗಳ ಶಿಬಿರಗಳೇ ಅದರ ಜೀವಾಳ. ಮೂರು ನಾಲ್ಕು ವರ್ಷ ಒಂದೇ ಕೆಲಸವನ್ನು ಬೆಂಬಿಡದೆ ಮಾಡಬೇಕೆನ್ನುವವರಿಗೆ, ಡಿಸೆಂಬರ್ ಬಂದೊಡನೆ ಎಲ್ಲವೂ ಕೈಬದಲಾಗುವ ಆ ಲಯ ಹೊಂದುವುದಿಲ್ಲ.

ಲಯನ್ಸ್ ಇದಕ್ಕೆ ಸರಿಯಾಗಿ ವಿರುದ್ಧ. ಮೆಲ್ವಿನ್ ಜೋನ್ಸ್ 1917ರಲ್ಲಿ ಷಿಕಾಗೋದಲ್ಲಿ ಕಟ್ಟಿದ ಈ ಸಂಸ್ಥೆಯ ಸಮಾವೇಶದಲ್ಲಿ 1925ರಲ್ಲಿ ಹೆಲೆನ್ ಕೆಲ್ಲರ್ ಬಂದು, ಅಂಧರ ಪರವಾಗಿ ದುಡಿಯಿರಿ ಎಂದು ಕೇಳಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ಅದರ ಕುಲಕಸುಬಿನಂತಾಗಿದೆ. ನಾನಿದ್ದ ಕ್ಲಬ್ಬಿನಲ್ಲಿ ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ನೇತ್ರ ತಪಾಸಣಾ ಶಿಬಿರ ನಡೆಯುತ್ತಿತ್ತು. ಹೊರಗಿನಿಂದ ನೋಡುವವರಿಗೆ ಅದು ಬ್ಯಾನರು, ದೀಪ ಬೆಳಗುವುದು, ನಾಲ್ಕು ಭಾಷಣ. ಒಳಗಿನ ಕೆಲಸ ಬೇರೆಯೇ. ಚೀಟಿ ಬರೆಯಲು ಇಬ್ಬರು, ರಕ್ತದೊತ್ತಡ ಮತ್ತು ಸಕ್ಕರೆ ಪರೀಕ್ಷೆಯ ಮೇಜಿನ ಹತ್ತಿರ ಒಬ್ಬರು, ಪಾಪೆ ಹಿಗ್ಗಿಸುವ ಹನಿ ಹಾಕಿಸಿಕೊಂಡು ಕಣ್ಣು ಮುಚ್ಚಿ ಕುಳಿತ ಅಜ್ಜಿಯಂದಿರನ್ನು ಅರ್ಧ ಗಂಟೆ ಮಾತನಾಡಿಸಲು ಒಬ್ಬರು, ಪೊರೆ ಇದೆಯೆಂದು ಗೊತ್ತಾದವರ ಮನೆಯವರಿಗೆ ಫೋನು ಮಾಡಿ ಶಸ್ತ್ರಚಿಕಿತ್ಸೆಗೆ ಒಪ್ಪಿಸಲು ಒಬ್ಬರು. ‘ಒಂದು ಕಣ್ಣು ಕಾಣುತ್ತದಲ್ಲ ಮಗಾ, ಇನ್ನೊಂದು ಯಾಕೆ’ ಎಂದು ಕೇಳಿದ ಅಜ್ಜಿಯೊಬ್ಬರನ್ನು ಬಸ್ಸು ಹತ್ತಿಸಲು ನನಗೆ ಹೆಚ್ಚುಕಡಿಮೆ ಒಂದು ಗಂಟೆ ಹಿಡಿದಿತ್ತು. ಶಸ್ತ್ರಚಿಕಿತ್ಸೆಯ ನಂತರ ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಿಂದ ಇಳಿದ ಅವರು ನನ್ನ ಅಂಗಿಯ ಬಣ್ಣ ಹೇಳಿದರು. ಇಂಥದ್ದೊಂದನ್ನು ಕಂಡ ಸದಸ್ಯನಿಗೆ ಮುಂದಿನ ತಿಂಗಳ ಸಭೆಗೆ ನೆನಪೋಲೆ ಕಳಿಸಬೇಕಾಗಿಲ್ಲ.

ಲಯನ್ಸ್‌ನ ಸಭೆಗಳಲ್ಲಿ ಸಲಿಗೆಯೂ ಹೆಚ್ಚು. ಟೇಲ್ ಟ್ವಿಸ್ಟರ್ ಎಂಬ ಪದಾಧಿಕಾರಿಯೊಬ್ಬರಿದ್ದು, ತಡವಾಗಿ ಬಂದವನಿಗೂ ಅಂಗಿಗೆ ಸಿಕ್ಕಿಸುವ ಲಾಂಛನದ ಪಿನ್ ಮರೆತವನಿಗೂ ದಂಡ ಹಾಕಿ ನಗಿಸುವುದೇ ಅವರ ಕೆಲಸ. ಅವರಿಗೆ ದಂಡ ಹಾಕಬೇಕಾದರೆ ಸಭೆಯಲ್ಲಿರುವ ಎಲ್ಲರೂ ಒಪ್ಪಬೇಕು. ಸದಸ್ಯತ್ವದ ಮಟ್ಟಿಗೆ, ಕುಟುಂಬದವರಿಗೆ ಅಂತರರಾಷ್ಟ್ರೀಯ ಶುಲ್ಕದಲ್ಲಿ ಅರ್ಧದಷ್ಟು ರಿಯಾಯಿತಿ ಕೊಡುವ ಪದ್ಧತಿಯಿಂದ ಪತಿ-ಪತ್ನಿ ಇಬ್ಬರೂ ಸೇರುವುದು ಸುಲಭವಾಗಿದೆ. ಇದು ನಿಜವಾದ ಬೆಳವಣಿಗೆಯೋ ಪಟ್ಟಿಯ ಬೆಳವಣಿಗೆಯೋ ಎಂದು ತಿಳಿಯಬೇಕಾದರೆ, ಶಿಬಿರದ ದಿನ ಅವರಲ್ಲಿ ಎಷ್ಟು ಜನ ಮೇಜಿನ ಹಿಂದೆ ನಿಂತಿದ್ದರು ಎಂದು ನೋಡಬೇಕಾಗುತ್ತದೆ.

ರೋಟರಿಯ ಬಲ ಅದರ ವಾರದ ಸಭೆಯಲ್ಲಿದೆ. 1905ರಲ್ಲಿ ಪಾಲ್ ಹ್ಯಾರಿಸ್ ಮತ್ತು ಮೂವರು ಗೆಳೆಯರು ಸೇರಿ ಆರಂಭಿಸಿದ ಈ ಸಂಸ್ಥೆಯ ಹಳೆಯ ಅಭ್ಯಾಸವದು. 2016ರಿಂದೀಚೆಗೆ ತಿಂಗಳಿಗೆ ಕನಿಷ್ಠ ಎರಡು ಸಭೆ ನಡೆದರೂ ಸಾಕು ಎಂಬ ಸಡಿಲಿಕೆ ಇದ್ದರೂ ನಮ್ಮಲ್ಲಿ ವಾರಕ್ಕೊಮ್ಮೆ ಸೇರುವುದನ್ನು ಬಿಟ್ಟಿಲ್ಲ. ಆಗಸ್ಟ್ ಸದಸ್ಯತ್ವದ ತಿಂಗಳು, ಸೆಪ್ಟೆಂಬರ್ ಶಿಕ್ಷಣ ಮತ್ತು ಸಾಕ್ಷರತೆಯದು, ನವೆಂಬರ್ ಸಂಸ್ಥೆಯ ದತ್ತಿನಿಧಿಯಾದ ರೋಟರಿ ಫೌಂಡೇಶನ್ನಿನದು ಎಂದು ಪ್ರತಿ ತಿಂಗಳಿಗೂ ಒಂದು ವಿಷಯ ಮೊದಲೇ ನಿಗದಿಯಾಗಿರುವುದರಿಂದ ಕಾರ್ಯದರ್ಶಿಗೆ ತಲೆಬಿಸಿ ಕಡಿಮೆ. ದೀರ್ಘಕಾಲದ ಪಟ್ಟು ಹಿಡಿಯುವುದರಲ್ಲಿಯೂ ಇದು ಮುಂದು: 1985ರಲ್ಲಿ ಕೈಗೆತ್ತಿಕೊಂಡ ಪೋಲಿಯೊ ನಿರ್ಮೂಲನೆಯನ್ನು ಇನ್ನೂ ಬಿಟ್ಟಿಲ್ಲ, ಭಾರತದಲ್ಲಿ ನೈಸರ್ಗಿಕ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ 2011ರ ಜನವರಿಯಲ್ಲಿ ಕಂಡ ಮೇಲೂ ಅಕ್ಟೋಬರ್ 24ರ ವಿಶ್ವ ಪೋಲಿಯೊ ದಿನವನ್ನು ಆಚರಿಸುತ್ತಲೇ ಇದ್ದೇವೆ. ಖರ್ಚಿನ ಲೆಕ್ಕ ಹಾಕಿದರೆ ಮೂರರಲ್ಲಿ ನನ್ನ ಕೈಯಿಂದ ಹೆಚ್ಚು ಹೋದದ್ದು ಇಲ್ಲಿಯೇ, ಅದರಲ್ಲಿ ದೊಡ್ಡ ಪಾಲು ಸಭೆಯ ನಂತರದ ಊಟದ್ದು. ಸ್ವಂತ ವ್ಯಾಪಾರವಿದ್ದು ಸಂಜೆ ಏಳೂವರೆಗೆ ಬಾಗಿಲೆಳೆದು ಬರಬಲ್ಲವನಿಗೆ ವಾರದ ಸಭೆ ಹಿತವಾಗಿರುತ್ತದೆ. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಬ್ಯಾಂಕ್ ನೌಕರನಿಗೂ ಚಿಕ್ಕ ಮಕ್ಕಳ ತಾಯಿಗೂ ಕಷ್ಟ.

ಸದಸ್ಯರ ಸಂಖ್ಯೆಯ ವಿಷಯದಲ್ಲಿ ರೋಟರಿ, ಲಯನ್ಸ್ ಎರಡಕ್ಕೂ ಒಂದೇ ಕಟ್ಟುಪಾಡು. ಜುಲೈ ಮತ್ತು ಜನವರಿಯಲ್ಲಿ, ಆಗ ಇರುವ ಸದಸ್ಯರ ಲೆಕ್ಕದಲ್ಲಿ ಮೇಲಿನವರಿಗೆ ಹಣ ಕಟ್ಟಬೇಕು. ಹೀಗಾಗಿ ಜೂನ್ ಕೊನೆಯಲ್ಲಿ ಪಟ್ಟಿಯಿಂದ ಹೆಸರು ಕಳೆಯುವುದೂ, ಸಂಸ್ಥೆಯ ಜಿಲ್ಲಾ ಗವರ್ನರ್ ಅವರ ಅಧಿಕೃತ ಭೇಟಿಗೆ ಮುಂಚೆ ಹೆಸರು ಕೂಡಿಸುವುದೂ ಎಲ್ಲ ಊರಿನಲ್ಲಿಯೂ ಕಾಣುವ ಸಂಗತಿ. ಭೇಟಿಯ ದಿನ ಪಿನ್ ತೊಡಿಸಿಕೊಂಡು ಫೋಟೋಕ್ಕೆ ನಿಂತವರನ್ನು ಆಮೇಲೆ ಮತ್ತೆ ಕಂಡದ್ದು ಕಡಿಮೆ.

ಇಂಥದೇ ಇನ್ನೊಂದು ಸಂಗತಿ. ನಾನಿದ್ದ ಸಂಸ್ಥೆಗಳಲ್ಲಿ ಒಂದರದ್ದು, ಯಾವುದೆಂದು ಹೇಳುವುದಿಲ್ಲ. ಜುಲೈನ ವನಮಹೋತ್ಸವಕ್ಕೆ ಶಾಲೆಯ ಮೈದಾನದ ಅಂಚಿನಲ್ಲಿ ಗಿಡ ನೆಟ್ಟೆವು. ಬೇಲಿ ಹಾಕಿಸುವ ಹೊಣೆ ಯಾರದ್ದೆಂದು ತೀರ್ಮಾನವಾಗಲಿಲ್ಲ, ದೀಪಾವಳಿಯೊಳಗೆ ದನ ಮೇದು ಮುಗಿಸಿದವು. ಮರುವರ್ಷ ಅದೇ ಹೊಂಡಗಳಲ್ಲಿ ಮತ್ತೆ ನೆಟ್ಟೆವು. ಬ್ಯಾನರನ್ನು ನಾನೇ ಮುದ್ರಿಸಿದ್ದರಿಂದ ಹೇಳುತ್ತೇನೆ, ಇಸವಿ ಮತ್ತು ಅಧ್ಯಕ್ಷರ ಭಾವಚಿತ್ರ ಬಿಟ್ಟರೆ ಬೇರೇನನ್ನೂ ಬದಲಾಯಿಸಬೇಕಾಗಲಿಲ್ಲ. ಆ ಎರಡು ವರ್ಷಗಳಲ್ಲಿ ಸೇರಿದವರಲ್ಲಿ ಉಳಿದವರು ಯಾರೂ ಇಲ್ಲ.

ಮೂರು ವರ್ಷದ ಹಿಂದೆ ನನ್ನ ಕೈಗೆ ಸದಸ್ಯತ್ವ ಸಮಿತಿ ಬಂದಾಗ, ಜೇಸಿಯಿಂದಲೂ ಲಯನ್ಸ್‌ನಿಂದಲೂ ಕಲಿತದ್ದನ್ನು ರೋಟರಿಯಲ್ಲಿ ಪ್ರಯೋಗಿಸಿದೆವು. ವರ್ಷಕ್ಕೊಂದು ಅದ್ಧೂರಿ ರಕ್ತದಾನ ಶಿಬಿರದ ಬದಲು, ವೇದಿಕೆಯಿಲ್ಲದ ಸಣ್ಣ ಶಿಬಿರವನ್ನು ಮೂರು ಮೂರು ತಿಂಗಳಿಗೆ ಇಟ್ಟುಕೊಂಡೆವು. ಗಂಡಸರು 90 ದಿನ, ಹೆಂಗಸರು 120 ದಿನ ಕಳೆದ ಮೇಲೆ ಮತ್ತೆ ರಕ್ತ ಕೊಡಬಹುದಾದ್ದರಿಂದ ಬಹಳಷ್ಟು ಮುಖಗಳು ಮರಳಿ ಬಂದವು. ಮೊದಲ ಶಿಬಿರದಲ್ಲಿಯೇ ಕಾಲೇಜು ಉಪನ್ಯಾಸಕಿಯೊಬ್ಬರಿಗೆ ಹಿಮೋಗ್ಲೋಬಿನ್ 12.5ಕ್ಕಿಂತ ಕಡಿಮೆ ಇದೆಯೆಂದು ತಂತ್ರಜ್ಞರು ವಾಪಸು ಕಳಿಸಿದರು. ಮುಖ ಸಣ್ಣದು ಮಾಡಿಕೊಂಡು ನಿಂತಿದ್ದವರಿಗೆ, ‘ಮೇಡಂ, ಹೆಸರು ಬರೆದುಕೊಡುತ್ತೀರಾ’ ಎಂದು ಪೆನ್ನು ಕೊಟ್ಟೆ. ಮಧ್ಯಾಹ್ನದವರೆಗೆ ಬರೆದರು, ಆಮೇಲೆ ದಾನಿಗಳಿಗೆ ಹಣ್ಣಿನ ರಸ ಹಂಚಿದರು, ಮುಂದಿನ ಶಿಬಿರಕ್ಕೆ ತಮ್ಮ ವಿದ್ಯಾರ್ಥಿಗಳಿಬ್ಬರನ್ನು ಕರೆತಂದರು. ಅವರೀಗ ನಮ್ಮ ಕಾರ್ಯದರ್ಶಿ. ಹೀಗೆ ಮೇಜಿನ ಮೂಲಕ ಒಳಬಂದ ನಾಲ್ವರೂ ಉಳಿದಿದ್ದಾರೆ. ಅದೇ ಅವಧಿಯಲ್ಲಿ ಸ್ನೇಹಿತರ ಒತ್ತಾಯಕ್ಕೆ ಅರ್ಜಿ ತುಂಬಿದ ಆರು ಮಂದಿಯಲ್ಲಿ ಇಬ್ಬರು.

ಆದ್ದರಿಂದ ಮೂವತ್ತರ ಒಳಗಿನವರಿಗೆ, ನಾಲ್ಕು ಜನರೆದುರು ಮಾತು ತಡವರಿಸುವವರಿಗೆ ನಾನು ಜೇಸಿಯನ್ನೇ ಹೇಳುತ್ತೇನೆ. ವಾರ ವಾರ ಬಿಡುವಾಗದ, ಆದರೆ ತಿಂಗಳಿಗೊಂದು ಭಾನುವಾರ ಪೂರ್ತಿ ದುಡಿಯಬಲ್ಲ ದಂಪತಿಗಳಿಗೆ ಲಯನ್ಸ್. ಊರಿನ ಬೇರೆ ಬೇರೆ ವೃತ್ತಿಯವರ ಒಡನಾಟ ಬೇಕು, ಒಂದು ಕೆಲಸದ ಹಿಂದೆ ಹತ್ತು ವರ್ಷ ಬೀಳಬಲ್ಲೆ, ಊಟದ ಖರ್ಚಿಗೆ ಅಂಜುವುದಿಲ್ಲ ಎನ್ನುವವರಿಗೆ ರೋಟರಿ. ನನ್ನ ತಂಗಿಯ ಮಗನಿಗೆ ಈಗ 26. ನಮ್ಮ ಕ್ಲಬ್ಬಿಗೆ ಬರುತ್ತೇನೆಂದವನನ್ನು ಜನವರಿಯಲ್ಲಿ ಜೇಸಿಗೆ ಕಳಿಸಿದೆ. ಈ ಸಲದ ಸಪ್ತಾಹದಲ್ಲಿ ಮೂರನೆಯ ದಿನ ಅವನದಂತೆ, ಆಮಂತ್ರಣ ಪತ್ರಿಕೆಯ ಕರಡು ತಿದ್ದಲು ನಿನ್ನೆ ಎರಡು ಸಲ ಅಂಗಡಿಗೆ ಬಂದು ಹೋದ.