ಝೆರಾಕ್ಸ್ ಅಂಗಡಿಗೆ ಲಿನಕ್ಸ್ ಮಿಂಟ್ ಆಗುತ್ತಾ? ನವನಗರದಿಂದ ಒಂದು ವಿಮರ್ಶೆ

ಮೊದಲೇ ನನ್ನ ತೀರ್ಪು ಹೇಳಿಬಿಡುತ್ತೇನೆ. ಊರ ಜನರ ಕಾಗದಪತ್ರ ಕೈಗೆ ಬರುವ ಅಂಗಡಿಯ ಕಂಪ್ಯೂಟರಿನಲ್ಲಿ ಕ್ರ್ಯಾಕ್ ಮಾಡಿದ, ಅಂದರೆ ಬೀಗ ಮುರಿದ ಕಳ್ಳ ಸಾಫ್ಟ್‌ವೇರ್ ಇರಲೇಬಾರದು. ದುಡ್ಡಿದ್ದರೆ ಲೈಸೆನ್ಸ್ ತೆಗೆದುಕೊಳ್ಳಿ. ಇಲ್ಲದಿದ್ದರೆ ವಿಂಡೋಸ್ ಬದಲಿಗೆ ದುಡ್ಡಿಲ್ಲದೆ ಸಿಗುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ. ಬಾಗಲಕೋಟೆ ನವನಗರದ ನಮ್ಮ ಝೆರಾಕ್ಸ್ ಮತ್ತು ಡಿಟಿಪಿ ಅಂಗಡಿಯಲ್ಲಿ 2020ರಿಂದ ಮಿಂಟ್ ಓಡುತ್ತಿದೆ. ಆಗ 19.3 ಆವೃತ್ತಿ ಹಾಕಿದ್ದೆವು, ಈಗ 22ಕ್ಕೆ ಬಂದಿದ್ದೇವೆ. ಚೆನ್ನಾಗಿರುವುದನ್ನೂ ಹೇಳುತ್ತೇನೆ, ತಲೆನೋವು ಕೊಡುವುದನ್ನೂ ಹೇಳುತ್ತೇನೆ.

ನಮ್ಮಲ್ಲಿಗೆ ಯಾರು ಬರುತ್ತಾರೆ ಅಂತ ತಿಳಿದರೆ ಈ ಹಟ ಯಾಕೆ ಅನ್ನುವುದು ಅರ್ಥವಾಗುತ್ತದೆ. ಆಲಮಟ್ಟಿ ಹಿನ್ನೀರಿಗೆ ಹೊಲ ಮನೆ ಬಿಟ್ಟುಕೊಟ್ಟವರ ಜಿಲ್ಲೆ ಇದು. ನವನಗರ ಎದ್ದದ್ದೇ ಮುಳುಗಡೆಯಿಂದ. ಬೀಳಗಿ, ಜಮಖಂಡಿ, ಹುನಗುಂದ ಕಡೆಯಿಂದ ಜಿಲ್ಲಾಡಳಿತ ಭವನಕ್ಕೆ ಬಂದವರು ನಮ್ಮಂಥ ಅಂಗಡಿಗಳಿಗೂ ಬರುತ್ತಾರೆ. ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಉತಾರ (ಪಹಣಿ), ಪರಿಹಾರದ ಆದೇಶ, ವಾರಸಾ ಪ್ರಮಾಣಪತ್ರ, ಆಧಾರ್, ಪಾಸ್‌ಬುಕ್ ಎಲ್ಲ ಇರುತ್ತದೆ. ಅವರ ಹೆಸರಲ್ಲಿ ಯಾರೋ ಸಾಲ ಎತ್ತುವುದಕ್ಕೆ ಬೇಕಾದ ಮಾಹಿತಿ ಅಷ್ಟೂ ಆ ಚೀಲದಲ್ಲೇ ಇದೆ. ಅದನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕುವವರು ನಾವು. ಎರಡು ರೂಪಾಯಿ ಝೆರಾಕ್ಸ್‌ಗೆ ಬಂದವರು ಎಷ್ಟು ದೊಡ್ಡ ನಂಬಿಕೆ ಇಟ್ಟು ಹೋಗುತ್ತಾರೆ ನೋಡಿ.

ನಮ್ಮ ಹಳೆಯ ಅಸೆಂಬಲ್ಡ್ ಕಂಪ್ಯೂಟರ್ ಕೊಟ್ಟವರು ಅದರಲ್ಲಿ ಎಲ್ಲವನ್ನೂ 'ಫುಲ್ ವರ್ಷನ್' ಹಾಕಿಕೊಟ್ಟಿದ್ದರು. ವಿಂಡೋಸ್ 7, ಆಫೀಸ್, ಚಿತ್ರ ತಿದ್ದುವುದು, ಡಿಸೈನ್ ಮಾಡುವುದು, ಎಲ್ಲವೂ ಕ್ರ್ಯಾಕ್. ಬಿಲ್‌ನಲ್ಲಿ ಸಾಫ್ಟ್‌ವೇರ್ ಅನ್ನುವ ಮಾತೇ ಇಲ್ಲ. ಅದರೊಳಗೆ ಲೈಸೆನ್ಸ್ ಇಲ್ಲದಿದ್ದರೂ ಇದೆ ಅಂತ ನಂಬಿಸುವ ಆಕ್ಟಿವೇಟರ್ ಅಂತ ಒಂದು ಸಣ್ಣ ಪ್ರೋಗ್ರಾಂ, ಜೊತೆಗೆ ಒಂದು ನೋಟ್‌ಪ್ಯಾಡ್ ಫೈಲ್. ಮೊದಲು ಆಂಟಿವೈರಸ್ ಆಫ್ ಮಾಡಿ, ಆಮೇಲೆ ಇದನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ಅಂತ ಅದರಲ್ಲಿ ಬರೆದಿತ್ತು. ಕಾವಲುಗಾರನನ್ನು ಕಳಿಸಿಬಿಡು, ನನಗೆ ಪೂರ್ತಿ ಅಧಿಕಾರ ಕೊಡು ಅಂತ ಕೇಳುವ ಪ್ರೋಗ್ರಾಂ ಅದು! ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನುವುದು ಇದಕ್ಕೇ ಅಲ್ವಾ? ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡ್ ಕದಿಯುವ ರೆಡ್‌ಲೈನ್‌ನಂಥ ಕಳ್ಳ ತಂತ್ರಾಂಶ ಹಬ್ಬಿದ್ದೇ ಹೀಗೆ, ಕ್ರ್ಯಾಕ್ ಮತ್ತು ಆಕ್ಟಿವೇಟರ್ ವೇಷದಲ್ಲಿ. 2024ರ ಅಕ್ಟೋಬರ್‌ನಲ್ಲಿ ಹಲವು ದೇಶಗಳ ಪೊಲೀಸರು ಸೇರಿ ಅದರ ಸರ್ವರ್‌ಗಳನ್ನು ಹಿಡಿದರು. ಅದೊಂದು ಹೋದರೆ ಅಂಥದ್ದು ಇನ್ನೊಂದು ಬರುತ್ತದೆ.

ಕಾನೂನೂ ಸಡಿಲವಾಗಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ಕಳ್ಳ ಪ್ರತಿ ಅಂತ ಗೊತ್ತಿದ್ದೂ ಸಾಫ್ಟ್‌ವೇರ್ ಬಳಸಿದರೆ 7 ದಿನದಿಂದ 3 ವರ್ಷದವರೆಗೆ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ. ಮನೆಬಳಕೆಗೆ, ಲಾಭದ ಉದ್ದೇಶ ಇಲ್ಲದಿದ್ದರೆ ಕೋರ್ಟು ಜೈಲು ಬಿಡಬಹುದು. ಅಂಗಡಿಗೆ ಆ ದಾರಿ ಇಲ್ಲ. ಆದರೆ ನನಗೆ ದಂಡಕ್ಕಿಂತ ಆ ಪ್ಲಾಸ್ಟಿಕ್ ಚೀಲದ ಚಿಂತೆಯೇ ಜಾಸ್ತಿ. 2020ರ ಜನವರಿ 14ಕ್ಕೆ ವಿಂಡೋಸ್ 7ಕ್ಕೆ ಭದ್ರತಾ ಅಪ್‌ಡೇಟ್ ನಿಂತಿತು. ಆಗಲೇ ಮಿಂಟ್ ಹಾಕಿದೆವು.

ಇದರಿಂದ ಆದ ದೊಡ್ಡ ಲಾಭ ಪೆನ್ ಡ್ರೈವ್ ವಿಷಯದಲ್ಲಿ. "ತಮ್ಮಾ, ಇದರಾಗ ನಮ್ಮ ಹುಡುಗನ ಪ್ರಾಜೆಕ್ಟ್ ಐತಿ, ಎಲ್ಲಾ ಹೋಗ್ಯಾವ ನೋಡು" ಅಂತ ಒಬ್ಬರಲ್ಲ ಒಬ್ಬರು ಬರುತ್ತಲೇ ಇರುತ್ತಾರೆ. ವಿಂಡೋಸ್‌ನಲ್ಲಿ ತೆರೆದರೆ ಫೋಲ್ಡರ್‌ಗಳ ಜಾಗದಲ್ಲಿ ಬರೀ ಶಾರ್ಟ್‌ಕಟ್‌ಗಳು. ಒತ್ತಿದರೆ ಮೊದಲು ವೈರಸ್ ಓಡುತ್ತದೆ, ಆಮೇಲೆ ಫೋಲ್ಡರ್ ತೆರೆಯುತ್ತದೆ. ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ನಿಜವಾದ ಫೋಲ್ಡರ್‌ಗಳನ್ನು ಆ ವೈರಸ್ ಕಣ್ಣಿಗೆ ಬೀಳದಂತೆ ಅಡಗಿಸಿಟ್ಟಿರುತ್ತದೆ. ಅದೇ ಪೆನ್ ಡ್ರೈವ್ ಮಿಂಟ್‌ಗೆ ಹಾಕಿದರೆ ಎಲ್ಲ ಬಯಲಾಗುತ್ತದೆ. ವಿಂಡೋಸ್ ಹಾಕುವ 'ಅಡಗಿಸು' ಗುರುತಿಗೆ ಲಿನಕ್ಸ್ ಬೆಲೆ ಕೊಡುವುದಿಲ್ಲ. ಎಲ್‌ಎನ್‌ಕೆ ಅಂತ ಕೊನೆಯಾಗುವ ಶಾರ್ಟ್‌ಕಟ್‌ಗಳು ಒಂದು ಕಡೆ, ಪಕ್ಕದಲ್ಲೇ ಹೆಸರಿಲ್ಲದ ಒಂದು ಫೋಲ್ಡರ್. ಅದನ್ನು ತೆರೆದರೆ ಪ್ರಾಜೆಕ್ಟ್, ಫೋಟೊ, ಮಾರ್ಕ್ಸ್ ಕಾರ್ಡ್ ಎಲ್ಲ ಹಾಗೇ ಇರುತ್ತವೆ. ಬೇಕಾದ ಫೈಲ್ ಬೇರೆ ಕಡೆ ತೆಗೆದಿಟ್ಟು, ಪೆನ್ ಡ್ರೈವ್ ಫಾರ್ಮ್ಯಾಟ್ ಮಾಡಿ, ಮತ್ತೆ ತುಂಬಿಸಿ ಕೊಡುತ್ತೇವೆ. ವಿಂಡೋಸ್‌ಗೆ ಬರೆದ ಆ ವೈರಸ್ ನಮ್ಮ ಯಂತ್ರದಲ್ಲಿ ಓಡುವುದಿಲ್ಲ. ಹಾಗಾಗಿ ಒಬ್ಬರ ಪೆನ್ ಡ್ರೈವ್‌ನಿಂದ ಇನ್ನೊಬ್ಬರದಕ್ಕೆ ರೋಗ ಹಚ್ಚುವ ಅಂಗಡಿ ನಮ್ಮದಲ್ಲ.

ಎರಡನೆಯದು ಅತಿಥಿ ಖಾತೆ. ಇದನ್ನು ಬಳಸುವವರು ಕಡಿಮೆ, ಅದೇ ನನಗೆ ಬೇಜಾರು. ಇ-ಆಧಾರ್ ಡೌನ್‌ಲೋಡ್ ಮಾಡಿಸಲು ದಿನವೂ ಜನ ಬರುತ್ತಾರೆ. ಎಷ್ಟೋ ಅಂಗಡಿಗಳಲ್ಲಿ ಆ ಪಿಡಿಎಫ್ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಹಾಗೇ ಬಿದ್ದಿರುತ್ತದೆ. ಪಾಸ್‌ವರ್ಡ್ ಇದೆಯಲ್ಲ ಅನ್ನಬೇಡಿ. ಹೆಸರಿನ ಮೊದಲ ನಾಲ್ಕು ಇಂಗ್ಲಿಷ್ ಅಕ್ಷರ, ಜೊತೆಗೆ ಹುಟ್ಟಿದ ವರ್ಷ, ಅಷ್ಟೇ ಅದು. ಫೈಲಿಗೆ ಅವರ ಹೆಸರನ್ನೇ ಇಟ್ಟು ಉಳಿಸಿದ್ದರೆ ಅರ್ಧ ಪಾಸ್‌ವರ್ಡ್ ಅಲ್ಲೇ ಸಿಕ್ಕಿತು. ಮಿಂಟ್‌ನ ಲಾಗಿನ್ ವಿಂಡೋ ಸೆಟ್ಟಿಂಗ್‌ನಲ್ಲಿ ಅತಿಥಿ ಸೆಷನ್‌ಗೆ ಒಪ್ಪಿಗೆ ಕೊಡುವ ಒಂದು ಗುಂಡಿ ಇದೆ. ಅದರೊಳಗೆ ಮಾಡಿದ ಡೌನ್‌ಲೋಡ್, ಬ್ರೌಸರ್ ಲಾಗಿನ್, ಎಲ್ಲವೂ ಲಾಗ್‌ಔಟ್ ಆದ ಕೂಡಲೇ ಅಳಿಸಿಹೋಗುತ್ತವೆ. ಬ್ಯಾಂಕು, ಆಧಾರ್, ಪರೀಕ್ಷೆಯ ಅರ್ಜಿ, ಇವೆಲ್ಲ ನಮ್ಮಲ್ಲಿ ಅತಿಥಿ ಖಾತೆಯಲ್ಲೇ. ಪ್ರಿಂಟ್ ಕೈಗೆ ಕೊಟ್ಟು, ಅವರ ಕಣ್ಣೆದುರೇ ಲಾಗ್‌ಔಟ್ ಮಾಡುತ್ತೇವೆ.

ಕನ್ನಡ ಟೈಪಿಂಗ್ ಬಗ್ಗೆ ಎಲ್ಲರಿಗೂ ಭಯ. ಭಯ ಬೇಡ. ನುಡಿ ತಂತ್ರಾಂಶದಲ್ಲಿ ಕೈ ಪಳಗಿದವರಿಗೆ ಅದೇ ಕೀಲಿ ವಿನ್ಯಾಸ ಕೆಜಿಪಿ ಅನ್ನುವ ಹೆಸರಲ್ಲಿ, ಲಿನಕ್ಸ್‌ನಲ್ಲಿ ಭಾಷೆಗಳನ್ನು ಟೈಪ್ ಮಾಡಲು ಇರುವ ಐಬಸ್‌ನಲ್ಲಿ ಸಿಗುತ್ತದೆ. ಬೆರಳು ಮತ್ತೆ ಕಲಿಯಬೇಕಾಗಿಲ್ಲ. ತೊಂದರೆ ಇರುವುದು ಹಳೆಯ ಫೈಲ್‌ಗಳಲ್ಲಿ. ಹಳೆ ಆಸ್ಕಿ ನುಡಿಯಲ್ಲಿ, ಅಂದರೆ ಇಂಗ್ಲಿಷ್ ಅಕ್ಷರದ ಸಂಕೇತಕ್ಕೇ ಕನ್ನಡದ ರೂಪ ಹೊದಿಸಿದ ಫಾಂಟಿನಲ್ಲಿ, ಟೈಪ್ ಮಾಡಿದ ಕರಾರು ಪತ್ರ, ವಾಟ್ನಿ (ಆಸ್ತಿ ಪಾಲು) ಪತ್ರಗಳು ಆ ಫಾಂಟ್ ಇಲ್ಲದಿದ್ದರೆ ಬರೀ ಗೋಜಲು ಅಕ್ಷರ. ಎಲ್ಲ ಕಡೆ ಓದಲು ಬರುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ದುಡ್ಡಿಲ್ಲದೆ ಸಿಗುತ್ತವೆ. ಆದರೆ ಅರ್ಕಾವತ್ತು, ಅಂಕಿ, ಸರ್ವೆ ನಂಬರ್ ಮಾತ್ರ ಕಣ್ಣಿಟ್ಟು ನೋಡಲೇಬೇಕು. ಉತಾರದ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಕಷ್ಟಪಡುವವರು ಗಿರಾಕಿ.

ಮದುವೆ ಕಾರ್ಡು, ಬ್ಯಾನರು ನಮ್ಮ ಹೊಟ್ಟೆಪಾಡು. ಇಲ್ಲಿ ನಮಗೆ ನೆರವಾದದ್ದು ಓಪನ್ ಫಾಂಟ್ ಲೈಸೆನ್ಸ್ ಇರುವ ಅಕ್ಷರಗಳು. ಬಾಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ಅಕಾಯಾ ಕನಡಕ, ನೋಟೋ ಸೆರಿಫ್ ಕನ್ನಡ. ಇವನ್ನು ವ್ಯಾಪಾರದ ಕೆಲಸಕ್ಕೆ ಧಾರಾಳವಾಗಿ ಬಳಸಬಹುದು, ಫಾಂಟನ್ನೇ ಬಿಡಿಯಾಗಿ ಮಾರುವ ಹಾಗಿಲ್ಲ ಅಷ್ಟೇ. ಬಾಲೂ ತಮ್ಮದಲ್ಲಿ ಊರ ಜಾತ್ರೆಯ ಬ್ಯಾನರ್ ಎಷ್ಟು ದೂರದಿಂದಲೂ ಓದಲು ಬರುತ್ತದೆ. ಒಂದು ಅಕ್ಷರಗುಂಪು ಬರೆಯಲು ಕಲಾವಿದರು ಎಷ್ಟು ಕಷ್ಟಪಟ್ಟಿರುತ್ತಾರೆ! ಕನ್ನಡದ ಒತ್ತಕ್ಷರ, ಗುಣಿತ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಅವರ ಫಾಂಟ್ ಕದ್ದು ಬಳಸಿ, ನಮ್ಮ ಡಿಸೈನನ್ನು ಪಕ್ಕದ ಅಂಗಡಿಯವರು ನಕಲು ಮಾಡಿದರೆ ಜಗಳಕ್ಕೆ ಹೋಗುವುದು ಯಾವ ನ್ಯಾಯ?

ಚಿತ್ರಗಳದ್ದೂ ಇದೇ ಮಾತು. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ನಮ್ಮದಲ್ಲ. ಕಾರ್ಡಿಗೆ ಲಕ್ಷ್ಮಿ, ಸರಸ್ವತಿ ಬೇಕು ಅಂದವರಿಗೆ ನಾವು ರಾಜಾ ರವಿವರ್ಮರ ಚಿತ್ರ ಹಾಕಿಕೊಡುತ್ತೇವೆ. ಅವರು ತೀರಿಕೊಂಡದ್ದು 1906ರಲ್ಲಿ. ನಮ್ಮ ಕಾಯ್ದೆಯಲ್ಲಿ ಚಿತ್ರಕಾರರು ತೀರಿಕೊಂಡ ಮೇಲೆ 60 ವರ್ಷಕ್ಕೆ ಹಕ್ಕು ಮುಗಿಯುತ್ತದೆ. ಯಾರ ಕೂಳಿಗೂ ಕಲ್ಲು ಹಾಕದೆ ಇಷ್ಟು ಚೆಂದದ ಚಿತ್ರ ಸಿಗುವಾಗ ವಾಟರ್‌ಮಾರ್ಕ್ ಅಳಿಸುತ್ತಾ ಕೂರುವುದು ಯಾಕೆ?

ಇನ್ನು ತಲೆನೋವುಗಳು. ಕೋರೆಲ್‌ಡ್ರಾ, ಫೋಟೋಶಾಪ್ ಲಿನಕ್ಸ್‌ಗೆ ಇಲ್ಲ. ಗಿರಾಕಿ ತಂದ ಕೋರೆಲ್‌ಡ್ರಾದ ಸಿಡಿಆರ್ ಫೈಲನ್ನು ಲಿನಕ್ಸ್‌ನ ಡಿಸೈನ್ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ತೆರೆಯುತ್ತದೆ, ಆದರೆ ಅಕ್ಷರ ಅಲ್ಲಿ ಇಲ್ಲಿ ಜಾರಿರುತ್ತವೆ. ಹಳೆ ಡಿಸೈನ್ ತಿದ್ದುವ ಕೆಲಸವೇ ಹೆಚ್ಚಿರುವ ಅಂಗಡಿಯವರು ಕೋರೆಲ್‌ಡ್ರಾಗೆ ಲೈಸೆನ್ಸ್ ಕೊಳ್ಳುವುದೇ ಒಳ್ಳೆಯದು. ಹೊಸದಾಗಿ ಮಾಡುವುದಕ್ಕೆ ಇಂಕ್‌ಸ್ಕೇಪ್, ಫೋಟೊ ತಿದ್ದುವ ಗಿಂಪ್ ಸಾಕು. ಪ್ರೆಸ್‌ಗೆ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣಗಳ) ಪಿಡಿಎಫ್ ಬೇಕಾದರೆ ಪುಟ ಜೋಡಿಸುವ ಸ್ಕ್ರೈಬಸ್. ಅದರ ಹಳೆಯ 1.4ರಲ್ಲಿ ಕನ್ನಡದ ಒತ್ತಕ್ಷರ ಒಡೆದುಹೋಗುತ್ತಿದ್ದವು. 2024ರ ಜನವರಿಯಲ್ಲಿ ಬಂದ 1.6ರಲ್ಲಿ ಸರಿಯಾಗಿ ಕೂಡುತ್ತವೆ. ಫ್ಲೆಕ್ಸ್ ಪ್ರಿಂಟ್‌ನವರಿಗೆ ಅಕ್ಷರಗಳನ್ನು ಪಾತ್ (ಫಾಂಟ್ ಬೇಡದ ಗೆರೆಗಳ ಆಕಾರ) ಮಾಡಿ ಪಿಡಿಎಫ್ ಕಳಿಸುತ್ತೇವೆ, ತಕರಾರು ಬರುವುದಿಲ್ಲ.

ನಮ್ಮ ಹಳೆಯ ಲೇಸರ್ ಪ್ರಿಂಟರ್ ಮಾತ್ರ ತುಂಬಾ ಕಾಡಿತು. ಅದರ ಡ್ರೈವರ್ ಹಾಕಲು ಸಾಕುಬೇಕಾಯಿತು, ಕೊನೆಗೆ ಲಿನಕ್ಸ್‌ಗೆ ಒಗ್ಗುವ ಬೇರೆ ಪ್ರಿಂಟರ್ ತಂದೆವು. ಬೆರಳ ಗುರುತು (ಫಿಂಗರ್‌ಪ್ರಿಂಟ್) ತೆಗೆಯುವ ನಮ್ಮ ಯಂತ್ರಕ್ಕೆ ವಿಂಡೋಸ್ ಮತ್ತು ಆಂಡ್ರಾಯ್ಡ್ ಸಾಫ್ಟ್‌ವೇರ್ ಮಾತ್ರ ಕೊಟ್ಟಿದ್ದಾರೆ. ಅದಕ್ಕೆ ಅಸಲಿ ವಿಂಡೋಸ್ ಇರುವ ಒಂದು ಲ್ಯಾಪ್‌ಟಾಪ್ ಬೇರೆ ಇಟ್ಟಿದ್ದೇವೆ. ಅದರಲ್ಲಿ ಇನ್ನೇನನ್ನೂ ಮಾಡುವುದಿಲ್ಲ. ಪೆನ್ ಡ್ರೈವ್ ಅಂತೂ ಹಾಕುವುದೇ ಇಲ್ಲ.

ಲಿನಕ್ಸ್‌ಗೆ ವೈರಸ್ಸೇ ಬರುವುದಿಲ್ಲ ಅಂತ ಸುಮ್ನೆ ಹೇಳುವವರಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. 2016ರ ಫೆಬ್ರವರಿ 20ರಂದು ಲಿನಕ್ಸ್ ಮಿಂಟ್‌ನ ವೆಬ್‌ಸೈಟಿಗೇ ಕನ್ನ ಹಾಕಿ, 17.3 ಸಿನಮನ್ ಆವೃತ್ತಿಯ ಜಾಗದಲ್ಲಿ ಹಿಂಬಾಗಿಲಿಟ್ಟ (ಗುಟ್ಟಾಗಿ ಒಳನುಗ್ಗಲು ದಾರಿ ಇಟ್ಟ) ಪ್ರತಿ ಸಿಗುವಂತೆ ಮಾಡಿದ್ದರು. ಮಿಂಟ್ ಶುರುಮಾಡಿದ ಕ್ಲೆಮ್ ಲೆಫೆಬ್ರ್ ಅದನ್ನು ಮುಚ್ಚಿಡದೆ ತಾವೇ ಮುಂದೆ ಬಂದು ಎಲ್ಲರಿಗೂ ತಿಳಿಸಿದರು. ಅದು ನನಗೆ ಹಿಡಿಸಿತು. ಅದಕ್ಕೇ ಡೌನ್‌ಲೋಡ್ ಆದ ಮೇಲೆ ಚೆಕ್‌ಸಮ್ (ಫೈಲ್ ಬದಲಾಗಿಲ್ಲ ಅಂತ ತಿಳಿಸುವ ಗುರುತಿನ ಸಂಕೇತ) ತಾಳೆ ನೋಡಿ, ಬೇಸರ ಮಾಡಬೇಡಿ. 2024ರ ಮಾರ್ಚ್‌ನಲ್ಲಿ ಲಿನಕ್ಸ್‌ನಲ್ಲಿ ಫೈಲ್ ಕುಗ್ಗಿಸಲು ಬಳಸುವ ಎಕ್ಸ್‌ಝಡ್ ಅನ್ನುವ ಸಣ್ಣ ಸಾಫ್ಟ್‌ವೇರಿನೊಳಗೆ ಹಿಂಬಾಗಿಲು ಸಿಕ್ಕಿತು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಯಾಕೆ ಅಂತ ಬೆನ್ನುಹತ್ತಿ ಅದನ್ನು ಕಂಡುಹಿಡಿದವರು ಆಂಡ್ರೆಸ್ ಫ್ರೌಂಡ್. ಅದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿತ್ತು, ಹಾಗಾಗಿ ಅವರು ಬುಡದವರೆಗೆ ಹೋಗಿ ನೋಡಲು ಆಯಿತು. ಮಿಂಟ್ ಆಗ ಬಳಸುತ್ತಿದ್ದ ಹಳೆಯ ಆವೃತ್ತಿಗೆ ಆ ಗಂಡಾಂತರ ತಾಗಲಿಲ್ಲ. ಅಪ್‌ಡೇಟ್ ಮ್ಯಾನೇಜರಿನ ಗುರುತು ಬಂದ ದಿನವೇ ಅಂಗಡಿ ಮುಚ್ಚುವ ಮೊದಲು ನಾವು ಅಪ್‌ಡೇಟ್ ಮಾಡುತ್ತೇವೆ. ಏನಾದರೂ ಕೆಟ್ಟರೆ ಟೈಮ್‌ಶಿಫ್ಟ್ ಹಿಂದಿನ ಸ್ಥಿತಿಗೆ ತಂದುಕೊಡುತ್ತದೆ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವೂ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಹಳೆ ಪ್ರೊಸೆಸರ್‌ಗಳನ್ನು ಒಪ್ಪುವುದಿಲ್ಲ. ಅಂಗಡಿಗಳಲ್ಲಿ ಇನ್ನೂ ಗಟ್ಟಿಯಾಗಿರುವ ಎಷ್ಟೋ ಯಂತ್ರಗಳು ಗುಜರಿಗೆ ಹೋಗುವುದು ನನಗೆ ಸಂಕಟ. 4 ಜಿಬಿ ರ‍್ಯಾಮ್, 64 ಬಿಟ್ ಪ್ರೊಸೆಸರ್ ಇದ್ದರೆ ಮಿಂಟ್ 22ರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಆರಾಮಾಗಿ ಓಡುತ್ತದೆ. 2029ರವರೆಗೆ ಅಪ್‌ಡೇಟ್ ಇದೆ. ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿಬಿಟ್ಟರೆ ಇನ್ನೂ ಒಳ್ಳೆಯದು.

ಹಾಕುವ ಮೊದಲು ಪೆನ್ ಡ್ರೈವ್‌ನಿಂದಲೇ ಮಿಂಟ್ ಓಡಿಸಿ ನೋಡಿ, ಹಾರ್ಡ್ ಡಿಸ್ಕ್ ಮುಟ್ಟುವುದಿಲ್ಲ. ಒಂದು ಪ್ರಿಂಟ್ ಕೊಡಿ, ಒಂದು ಉತಾರ ಸ್ಕ್ಯಾನ್ ಮಾಡಿ, ಕನ್ನಡದಲ್ಲಿ ಒಂದು ಪುಟ ಟೈಪ್ ಮಾಡಿ. ಮೂರೂ ಸರಿಯಾದರೆ ಅಂದೇ ಹಾಕಿ. ಪ್ರಿಂಟರ್ ಮೊಂಡಾಟ ಮಾಡಿದರೆ ಅದರ ಮಾಡೆಲ್ ಹೆಸರು ಕೆಳಗೆ ಬರೆಯಿರಿ, ಗೊತ್ತಿದ್ದರೆ ಡ್ರೈವರ್ ಹೇಳುತ್ತೇನೆ.